ಬೇಸ್ ಬಡಿದಾಗ ಆಂಪ್ ಆಫ್: ಸರಿಯಾದ ವೈರ್ ದಪ್ಪದ ಲೆಕ್ಕ

ಕಾರಿನ ಡಿಕ್ಕಿಯಲ್ಲಿ 500 ವಾಟ್ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ) ಮೋನೋ ಆಂಪ್, ಅಂದರೆ ಒಂದೇ ಚಾನೆಲ್‌ನ ಆಂಪ್ಲಿಫೈಯರ್ ಇದೆ. ಸುರತ್ಕಲ್ ದಾಟಿ ಹೆದ್ದಾರಿಯಲ್ಲಿ ವಾಲ್ಯೂಮ್ ಏರಿಸಿದರೆ ಸಾಕು, ಬೇಸ್ ಬಡಿದಾಗ ಪ್ರೊಟೆಕ್ಟ್ ಲೈಟ್ (ಆಂಪ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುವ ಸೂಚನೆ) ಹೊತ್ತಿ ಸದ್ದು ನಿಲ್ಲುತ್ತಿತ್ತು. ಗೇನ್ (ಆಂಪ್ ಸಿಗ್ನಲನ್ನು ಹಿಗ್ಗಿಸುವ ಮಟ್ಟ) ಇಳಿಸಿದೆ, ಕೆಪಾಸಿಟರ್ ಹಾಕಿಸಿದೆ, ಬ್ಯಾಟರಿಯನ್ನೂ ಬದಲಿಸಿದೆ. ಸುಮ್ನೆ ಖರ್ಚು.

ಮೀಟರ್ ಹಿಡಿದಾಗ ವಿಷಯ ತಿಳಿಯಿತು. ಬೇಸ್ ಬಡಿಯುವಾಗ ಬ್ಯಾಟರಿಯಲ್ಲಿ 13.6 ವೋಲ್ಟ್, ಆಂಪ್ ತುದಿಯಲ್ಲಿ 11ರ ಆಸುಪಾಸು. ಕಿಟ್‌ನಲ್ಲಿ ಬಂದ 8 ಗೇಜ್ (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ವೈರ್ ದಪ್ಪ) ವೈರನ್ನು ಕೆರೆದರೆ ಒಳಗೆ ಬೆಳ್ಳಗೆ: ತಾಮ್ರ ಲೇಪಿಸಿದ ಅಲ್ಯೂಮಿನಿಯಂ! ಶುದ್ಧ ತಾಮ್ರಕ್ಕಿಂತ ಇದರಲ್ಲಿ ವೋಲ್ಟೇಜ್ ಹೆಚ್ಚು ಇಳಿಯುತ್ತದೆ. ಕಡಲ ಗಾಳಿಗೆ ಅರ್ತಿಂಗ್ ಲಗ್ (ವೈರನ್ನು ಬಾಡಿಗೆ ಬೋಲ್ಟ್ ಮಾಡುವ ಲೋಹದ ತುದಿ) ಕೂಡ ಹಸಿರುಗಟ್ಟಿತ್ತು.

ಲೆಕ್ಕ ಹೀಗೆ. 500 ವಾಟನ್ನು ಆಂಪಿನ 0.8 ದಕ್ಷತೆಯಿಂದ, ಮತ್ತೆ 13.8 ವೋಲ್ಟಿನಿಂದ ಭಾಗಿಸಿದರೆ ಸುಮಾರು 45 ಆಂಪಿಯರ್. 5 ಮೀಟರ್ ಉದ್ದಕ್ಕೆ 4 ಗೇಜ್ ಶುದ್ಧ ತಾಮ್ರ, ಅಂದರೆ 21 ಚದರ ಮಿ.ಮೀ. ಬೇಕು.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಪಾಸಿಟಿವ್‌ನಿಂದ 45 ಸೆಂ.ಮೀ. ಒಳಗೇ 80 ಆಂಪಿಯರ್ ಫ್ಯೂಸ್ ಇರಲಿ. ಪವರ್ ವೈರ್ ಒಂದು ಬದಿಯಿಂದ, ಆರ್‌ಸಿಎ ಕೇಬಲ್ (ಸ್ಟೀರಿಯೋದಿಂದ ಆಂಪ್‌ಗೆ ಹಾಡಿನ ಸಿಗ್ನಲ್ ತರುವುದು) ಇನ್ನೊಂದು ಬದಿಯಿಂದ ಹೋಗಲಿ. ಅರ್ತಿಂಗ್‌ಗೂ ಅದೇ 4 ಗೇಜ್, ಅರ್ಧ ಮೀಟರಿಗಿಂತ ಕಡಿಮೆ. ಇಲ್ಲಿ ಜಿಪುಣತನ ಬೇಡ. ಬಾಡಿಯ ಬಣ್ಣ ಪೂರ್ತಿ ಉಜ್ಜಿ, ಬರಿಯ ಲೋಹಕ್ಕೇ ಬೋಲ್ಟ್ ಬಿಗಿಯಿರಿ. ತವರ ಲೇಪಿಸಿದ ಲಗ್ ಕ್ರಿಂಪ್ ಮಾಡಿ (ಉಪಕರಣದಿಂದ ವೈರಿನ ಮೇಲೆ ಒತ್ತಿ ಕೂರಿಸಿ), ಮೇಲೆ ಬಿಸಿ ಮಾಡಿದರೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಬ್ಯಾಟರಿಯ ನೆಗೆಟಿವ್ ಮತ್ತೆ ಜೋಡಿಸುವುದು ಕೊನೆಗೆ.

ಈಗ ಅದೇ ವಾಲ್ಯೂಮಿನಲ್ಲಿ ಆಂಪ್ ತುದಿಗೆ 13.2 ವೋಲ್ಟ್ ಬರುತ್ತಿದೆ.