ಹಿಂಗಾರಿನ ಕೈತೋಟ: ಹದ ನೋಡಿ ಬಿತ್ತುವ ಕ್ರಮ

ಬೆಂಗಳೂರು, ತುಮಕೂರು, ಕೋಲಾರ, ಮೈಸೂರಿನ ಕಡೆ ಹಿತ್ತಲಲ್ಲಿ ತರಕಾರಿ ಬೆಳೆಯುವವರಿಗೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗಿನ ಅವಧಿ ಬಹಳ ಅನುಕೂಲಕರ. ಚಿತ್ತಾ, ಸ್ವಾತಿ ಮಳೆಗಳಿಂದ ನೆಲ ನೆನೆದಿರುತ್ತದೆ. ಕ್ಯಾರೆಟ್, ಬೀಟ್‌ರೂಟ್, ನವಿಲುಕೋಸು, ಬಟಾಣಿಗಳಿಗೆ ಬೇಕಾದ ತಂಪು ರಾತ್ರಿಗಳು ಮುಂದಿರುತ್ತವೆ. ಆದರೂ ತಿಥಿ, ತಾರೀಖುಗಳಿಗಿಂತ ಮಣ್ಣಿನ ಹದವನ್ನೇ ನಂಬಬೇಕು.

ಮಳೆ ನಿಂತು ಎರಡು ಮೂರು ದಿನ ಕಳೆದ ಮೇಲೆ ನಾಲ್ಕು ಬೆರಳು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅದುಮಿ ನೋಡಿ. ಅದು ಉಂಡೆಯಾಗಿ, ಹೆಬ್ಬೆರಳಿನಿಂದ ಒತ್ತಿದೊಡನೆ ಉದುರಿದರೆ ಅಗೆಯಬಹುದು. ಬೆರಳಿಗೆ ಮೆತ್ತಿಕೊಂಡರೆ ಇನ್ನೂ ಕಾಯಬೇಕು. ಹಸಿ ನೆಲವನ್ನು ಅಗೆದರೆ ಹೆಂಟೆಗಳು ಒಣಗಿ ಇಟ್ಟಿಗೆಯಂತಾಗುತ್ತವೆ ಮತ್ತು ಅವುಗಳ ನಡುವೆ ಇಳಿಯುವ ಕ್ಯಾರೆಟ್ ಕವಲೊಡೆದು ಸೊಟ್ಟಗಾಗುತ್ತದೆ.

ಮಡಿ ಮೂರು ಅಡಿ ಅಗಲವಿದ್ದರೆ ಎರಡೂ ಬದಿಯಿಂದ ಕೈ ನಿಲುಕುತ್ತದೆ, ಒಳಗೆ ಕಾಲಿಡುವ ಪ್ರಸಂಗ ಬರುವುದಿಲ್ಲ. ಹಿಂಗಾರು ಮಳೆ ಒಮ್ಮೊಮ್ಮೆ ಒಂದೇ ರಾತ್ರಿಯಲ್ಲಿ ಸುರಿದುಬಿಡುವುದರಿಂದ ಮಡಿಯನ್ನು ಅರ್ಧ ಅಡಿ ಎತ್ತರಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಸ್ವಲ್ಪ ಬೇವಿನ ಹಿಂಡಿಯನ್ನೂ ಬೆರೆಸಿ.

ನಮ್ಮ ಕೆಂಪು ಮಣ್ಣಿನ ದೊಡ್ಡ ತೊಡಕು ಮೇಲ್ಪದರ ಹೆಪ್ಪುಗಟ್ಟುವುದು. ಬಿರುಸಾದ ಮಳೆಯ ನಂತರ ಬಿಸಿಲು ಬಿದ್ದರೆ ಮೇಲ್ಮೈ ಗಟ್ಟಿ ಪದರವಾಗಿ, ಎರಡು ಮೂರು ವಾರ ಮೊಳೆಯದೆ ಇರಬಲ್ಲ ಕ್ಯಾರೆಟ್ ಬೀಜ ಒಳಗೇ ಸಾಯುತ್ತದೆ. ಆದ್ದರಿಂದ ಸಣ್ಣ ಬೀಜಗಳನ್ನು ಮಣ್ಣಿನ ಬದಲು ಜರಡಿ ಹಿಡಿದ ಎರೆಗೊಬ್ಬರದಿಂದ ತೆಳುವಾಗಿ ಮುಚ್ಚಿ, ಮೇಲೆ ಒಣಹುಲ್ಲು ಹರಡಿ, ಮೊಳಕೆ ಕಂಡ ದಿನವೇ ಹುಲ್ಲನ್ನು ತೆಗೆಯಿರಿ. ಕ್ಯಾರೆಟ್, ಮೂಲಂಗಿಗಳನ್ನು ನೇರವಾಗಿ ಮಡಿಯಲ್ಲೇ ಬಿತ್ತಬೇಕು. ಕಿತ್ತು ನೆಟ್ಟರೆ ಗೆಡ್ಡೆ ಕೆಡುತ್ತದೆ.

ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳಾಗಿಸಿ, ರಾತ್ರಿಯಿಡೀ ನೆನೆಸಿ ಬಿತ್ತಿ. ಬೀಟ್‌ರೂಟ್‌ನ ಒರಟು ಬೀಜ ವಾಸ್ತವವಾಗಿ ಹಲವು ಬೀಜಗಳ ಗೊಂಚಲು. ಒಂದೇ ಕಡೆ ಎದ್ದ ಸಸಿಗಳಲ್ಲಿ ಗಟ್ಟಿಯಾದ ಒಂದನ್ನು ಉಳಿಸಿ ಮಿಕ್ಕವನ್ನು ಕಿತ್ತು ಸಾರಿಗೆ ಬಳಸಿ. ಕೀಳಲು ಮನಸ್ಸಾಗದಿದ್ದರೂ ಕೀಳಲೇಬೇಕು, ಇಕ್ಕಟ್ಟಿನಲ್ಲಿ ಗೆಡ್ಡೆ ದಪ್ಪವಾಗುವುದಿಲ್ಲ. ಎಲೆಕೋಸು, ನವಿಲುಕೋಸು, ಟೊಮೆಟೊಗಳನ್ನು ಪ್ರತ್ಯೇಕ ಸಸಿಮಡಿಯಲ್ಲಿ ಬೆಳೆಸಿ, ಸುಮಾರು 25 ದಿನಗಳಾದ ಮೇಲೆ ಇಳಿಹೊತ್ತಿನಲ್ಲಿ ನಾಟಿ ಮಾಡಿ.

ಅವರೆಯ ವಿಷಯದಲ್ಲಿ ತಳಿ ನೋಡಿ ಆರಿಸಿ. ನಾಟಿ ಅವರೆ ಹಗಲು ಕಿರಿದಾದಾಗ ಹೂ ಬಿಡುವ ಬೆಳೆಯಾದ್ದರಿಂದ ಅದನ್ನು ಮುಂಗಾರಿನಲ್ಲೇ ರಾಗಿಯೊಂದಿಗೆ ಬಿತ್ತಿರುತ್ತಾರೆ. ಈಗ ಬಿತ್ತಿದರೆ ಗಿಡ ಬೆಳೆಯುವ ಮೊದಲೇ ಹೂವಿಗೆ ಬರುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ತಳಿಗೆ ಹಗಲಿನ ಉದ್ದದ ಹಂಗಿಲ್ಲ.

ಇಬ್ಬನಿಯ ದಿನಗಳಲ್ಲಿ ಎಲೆ ಬಹಳ ಹೊತ್ತು ಒದ್ದೆಯಾಗಿದ್ದರೆ ಶಿಲೀಂಧ್ರ ರೋಗ ಹರಡುತ್ತದೆ. ಹಾಗಾಗಿ ನೀರನ್ನು ಬೆಳಿಗ್ಗೆ, ಬುಡಕ್ಕೆ ಮಾತ್ರ ಹಾಕಿ. ಕೋಸಿನ ಮಡಿಯ ಅಂಚಿಗೆ ನಾಟಿಗಿಂತ ಹದಿನೈದು ದಿನ ಮೊದಲೇ ಸಾಸಿವೆ ಬಿತ್ತಿದರೆ, ಕೋಸಿನ ಎಲೆ ತಿನ್ನುವ ಹುಳುಗಳನ್ನು ಹುಟ್ಟಿಸುವ ವಜ್ರಬೆನ್ನಿನ ಪತಂಗ ಹೆಚ್ಚಾಗಿ ಸಾಸಿವೆಯ ಮೇಲೆ ಮೊಟ್ಟೆಯಿಡುತ್ತದೆ. ಸಸ್ಯಹೇನು ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ತುಸು ಸಾಬೂನು ದ್ರಾವಣದೊಂದಿಗೆ ಕಲಸಿ, ಎಲೆಯ ಅಡಿಭಾಗಕ್ಕೆ ಸಂಜೆ ಸಿಂಪಡಿಸಿ.

ಮೆಂತ್ಯ ತಿಂಗಳೊಳಗೆ, ಮೂಲಂಗಿ ಒಂದೂವರೆ ತಿಂಗಳಿಗೆ, ಕ್ಯಾರೆಟ್ ಮೂರು ತಿಂಗಳಿಗೆ ಕೈಗೆ ಬರುತ್ತವೆ. ಮೆಂತ್ಯ ಕಿತ್ತ ಜಾಗಕ್ಕೆ ಒಂದು ಬೊಗಸೆ ಎರೆಗೊಬ್ಬರ ಹಾಕಿ ಮರುದಿನವೇ ಮತ್ತೆ ಸೊಪ್ಪು ಬಿತ್ತಬಹುದು.