ಸಭೆಯೊಳಗೆ ರಾಜಕೀಯ ಜಗಳ ಹೊಕ್ಕಾಗ: ಸಮಾಧಾನದ ಕೆಲಸವನ್ನು ನಾವು ಮಾಡುವ ರೀತಿ

ಪ್ರಭುಭೋಜನದ ಆರಾಧನೆಯಲ್ಲಿ ಸಮಾಧಾನ ಹಂಚಿಕೊಳ್ಳುವಾಗ ಯಾರ ಕೈ ಯಾರಿಗೆ ತಪ್ಪಿತು ಎಂದು ಗಮನಿಸಿದರೆ ಸಾಕು, ಸಭೆಯಲ್ಲಿ, ಅಂದರೆ ಚರ್ಚಿನ ಸಮುದಾಯದಲ್ಲಿ, ಬಿರುಕು ಎಲ್ಲಿದೆ ಎಂದು ತಿಳಿಯುತ್ತದೆ. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) 1950ರಲ್ಲಿ ರೂಪಿಸಿಕೊಂಡ ಆರಾಧನಾ ಕ್ರಮಕ್ಕೆ ಈ ಪದ್ಧತಿಯನ್ನು ಕೇರಳದ ಸುರಿಯಾನಿ ಕ್ರೈಸ್ತರಿಂದ ತಂದುಕೊಂಡಿತು. ಒಬ್ಬರು ಜೋಡಿಸಿದ ಕೈಗಳನ್ನು ಇನ್ನೊಬ್ಬರು ತಮ್ಮ ಎರಡೂ ಕೈಗಳಲ್ಲಿ ಹಿಡಿಯುತ್ತಾರೆ, ಹಾಗೆಯೇ ಸಾಲಿನಿಂದ ಸಾಲಿಗೆ ಸಮಾಧಾನ ದಾಟುತ್ತದೆ. ಚುನಾವಣೆಯ ನಂತರದ ಭಾನುವಾರಗಳಲ್ಲಿ ಆ ಸರಪಳಿ ಎಲ್ಲೋ ಒಂದು ಕಡೆ ತುಂಡಾಗುತ್ತದೆ. ಒಬ್ಬರು ಕೀರ್ತನೆ ಪುಸ್ತಕದ ಹಾಳೆ ಮಗುಚುತ್ತಾರೆ, ಇನ್ನೊಬ್ಬರು ಹಿಂದಿನ ಬೆಂಚಿನ ಕಡೆ ತಿರುಗುತ್ತಾರೆ. ಸಭೆಯೊಳಗೆ ಸಂಧಾನ ಮಾಡುವ ನಮ್ಮ ಕೆಲಸ ಅಲ್ಲಿಂದ ಶುರು.

ಮೊದಲೇ ಒಂದು ಮಾತು ಸ್ಪಷ್ಟವಾಗಿರಬೇಕು. ಯಾರ ಮತವನ್ನೂ ಬದಲಿಸಲು ನಾವು ಹೋಗುವುದಿಲ್ಲ. ಎರಡು ಪಕ್ಷದವರನ್ನು ಒಂದೇ ಅಭಿಪ್ರಾಯಕ್ಕೆ ತರಲು ಹೊರಟ ಸಂಧಾನ ಮೊದಲ ದಿನವೇ ಸತ್ತಂತೆ. ಭಿನ್ನಾಭಿಪ್ರಾಯ ಇದ್ದರೂ ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಳ್ಳಲು ಅಡ್ಡಿಯಾದದ್ದು ಯಾವುದು, ಆಡಿದ ಯಾವ ಮಾತು, ಮಾಡಿದ ಯಾವ ಕೆಲಸ, ಅದನ್ನು ಸರಿಪಡಿಸುವುದು ಹೇಗೆ, ಇಷ್ಟೇ ನಮ್ಮ ವ್ಯಾಪ್ತಿ. ಪಕ್ಷದ ಮಾತು ದೇವಾಲಯದ ಆವರಣಕ್ಕೆ ಬರಬಾರದು ಎನ್ನುವುದಕ್ಕೆ ಕಾನೂನಿನ ಕಾರಣವೂ ಇದೆ. ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆಯುವ 1988ರ ಕಾಯ್ದೆ ಪೂಜಾಸ್ಥಳವನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು ನಿಷೇಧಿಸುತ್ತದೆ. ಯಾವ ಪಕ್ಷದ ಅಭ್ಯರ್ಥಿ ಬಂದರೂ ಬೆಂಚಿನಲ್ಲಿ ಕೂತು ಆರಾಧಿಸಬಹುದು, ಮೈಕ್ ಮಾತ್ರ ಕೊಡುವಂತಿಲ್ಲ. ಚುನಾವಣೆ ಘೋಷಣೆಗೆ ಮುಂಚೆಯೇ ಸಭೆಯ ಕಮಿಟಿ ಈ ಒಂದು ನಿಯಮವನ್ನು ಬರೆದಿಟ್ಟುಕೊಂಡ ಕಡೆಗಳಲ್ಲಿ ಅರ್ಧ ತಕರಾರು ಹುಟ್ಟುವುದೇ ಇಲ್ಲ. ಅಭ್ಯರ್ಥಿ ಬಾಗಿಲಿಗೆ ಬಂದ ಮೇಲೆ ನಿಯಮ ಮಾಡಿದರೆ ಅದು ಅವರೊಬ್ಬರ ವಿರುದ್ಧ ಮಾಡಿದಂತೆ ಕಾಣುತ್ತದೆ.

ಈ ಕೆಲಸಕ್ಕೆ ಮೂವರು ಬೇಕು: ಒಬ್ಬ ಸಭಾ ಹಿರಿಯರು, ಹೆಂಗಸರ ಕೂಟದಿಂದ ಒಬ್ಬರು, ಎರಡೂ ಕಡೆಯ ನೆಂಟಸ್ತಿಕೆ ಇಲ್ಲದ ಇನ್ನೊಬ್ಬರು. ಅಯ್ಯನವರನ್ನು, ಅಂದರೆ ಸಭೆಯ ಪಾದ್ರಿಯನ್ನು, ಮೊದಲಿಗೇ ಎಳೆದು ತರಬಾರದು. ಪ್ರಭುಭೋಜನ ಬಡಿಸುವ ಕೈ ಅವರದು. ಅವರು ಒಂದು ಕಡೆ ವಾಲಿದ್ದಾರೆ ಎಂಬ ಗುಮಾನಿ ಒಮ್ಮೆ ಹುಟ್ಟಿದರೆ ಇನ್ನೊಂದು ಕಡೆಯವರು ಆರಾಧನೆಗೇ ಬರುವುದನ್ನು ಬಿಡುತ್ತಾರೆ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಮತ್ತಾಯ 18ನೇ ಅಧ್ಯಾಯದ ಕ್ರಮವೂ ಇದೇ: ಮೊದಲು ಇಬ್ಬರ ನಡುವೆಯೇ, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು, ಕೊನೆಗೆ ಸಭೆಗೆ. ನಮ್ಮಲ್ಲಿ ಇದು ತಲೆಕೆಳಗಾಗುವುದೇ ಹೆಚ್ಚು. ಮೊದಲು ವಾಟ್ಸಾಪ್ ಗುಂಪಿಗೆ, ಆಮೇಲೆ ಕಮಿಟಿಗೆ, ಕೊನೆಗೆ ಎಂದಾದರೂ ಎದುರಾಎದುರು.

ಸಂಧಾನಕ್ಕೆ ಹೋಗುವವರಿಗೂ ಒಂದು ಪಕ್ಷ ಇಷ್ಟವಿರುತ್ತದೆ, ಅದನ್ನು ಮುಚ್ಚಿಡಬಾರದು. ಮೊದಲ ಭೇಟಿಯಲ್ಲೇ, 'ಅಣ್ಣ, ನಾನು ಮತ ಹಾಕಿದ್ದು ಇಂಥವರಿಗೆ. ಅದು ನಿಮಗೆ ಅಡ್ಡಿ ಅನಿಸಿದರೆ ಹೇಳಿ, ನಾನು ಹಿಂದೆ ಸರಿದು ಇನ್ನೊಬ್ಬರನ್ನು ಕಳಿಸುತ್ತೇನೆ' ಎಂದು ಬಾಯಿಬಿಟ್ಟು ಹೇಳುತ್ತೇವೆ. ಬೇಡ ಎನ್ನುವವರು ತೀರಾ ಕಡಿಮೆ. ಮುಚ್ಚಿಟ್ಟದ್ದು ನಡುವೆ ಬಯಲಾದರೆ ಮಾತ್ರ ಅಲ್ಲಿಯವರೆಗಿನ ಕೆಲಸವೆಲ್ಲ ನೀರುಪಾಲು.

ಫಲಿತಾಂಶ ಬಂದ ವಾರ ಯಾರ ಮನೆಗೂ ಹೋಗುವುದಿಲ್ಲ. ಗೆದ್ದವರಿಗೆ ಕಿವಿ ಇರುವುದಿಲ್ಲ, ಸೋತವರಿಗೆ ಬಾಯಿ ಇರುವುದಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆಯಾದರೆ ಇನ್ನೂ ಹೆಚ್ಚು ಕಾಯಬೇಕು. ಅಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಸ್ಪರ್ಧೆ ಮನೆತನ ಮನೆತನಗಳ ನಡುವೆ ನಡೆಯುತ್ತದೆ. ಹಾಗಾಗಿ ಆ ಗಾಯ ವಿಧಾನಸಭೆ ಚುನಾವಣೆಯದಕ್ಕಿಂತ ಆಳ.

ಇಬ್ಬರನ್ನೂ ಬೇರೆಬೇರೆಯಾಗಿ, ಅವರವರ ಮನೆಯಲ್ಲೇ, ಕಡಿಮೆ ಎಂದರೆ ಎರಡು ಸಲ ಕಾಣಬೇಕು. ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಪೌಲನು ಜಗಳವಾಡಿದ್ದ ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಸಹೋದರಿಯರಿಗೂ ಒಬ್ಬೊಬ್ಬರನ್ನೇ ಹೆಸರು ಹಿಡಿದು ಬೇಡಿಕೊಳ್ಳುತ್ತಾನೆ. ಯಾರದು ಸರಿ, ಯಾರದು ತಪ್ಪು ಎಂದು ಬರೆಯುವುದಿಲ್ಲ. ಅವರಿಗೆ ನೆರವಾಗು ಎಂದು ಮೂರನೆಯ ಒಬ್ಬನಿಗೆ ಹೇಳುತ್ತಾನೆ. ಆ ಮೂರು ಅಂಶಗಳೇ ನಮ್ಮ ಮೊದಲ ಹಂತದ ಚೌಕಟ್ಟು. ಒಂದು ಭೇಟಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಕೇಳುವುದು ಮೂರೇ ಪ್ರಶ್ನೆ: ಏನಾಯಿತು? ಅದರಿಂದ ನಿಮಗೆ ಏನು ನಷ್ಟವಾಯಿತು? ಅವರು ಏನು ಮಾಡಿದರೆ ನೀವು ಕೈ ಕೊಡಬಲ್ಲಿರಿ? ಉತ್ತರ ಮುಗಿದ ಮೇಲೆ ನಾವು ಕೇಳಿಸಿಕೊಂಡದ್ದನ್ನು ತಿರುಗಿ ಹೇಳುತ್ತೇವೆ. 'ಹೌದು, ಅದೇ' ಎಂದು ಅವರು ಹೇಳುವವರೆಗೆ ಮುಂದಿನ ಪ್ರಶ್ನೆಗೆ ಹೋಗುವುದಿಲ್ಲ.

ಬರೆದುಕೊಳ್ಳುವ ಹಾಳೆಯ ನಡುವೆ ಒಂದು ಗೆರೆ ಎಳೆಯುತ್ತೇವೆ. ಎಡಕ್ಕೆ ಆಡಿದ ಮಾತು, ಬಲಕ್ಕೆ ಅದರಿಂದ ಮಾಡಿಕೊಂಡ ಊಹೆ. 'ಮದುವೆ ಮನೆಯಲ್ಲಿ ಹತ್ತು ಜನರ ಎದುರು ನನ್ನನ್ನು ದುಡ್ಡಿಗೆ ಮತ ಮಾರಿಕೊಂಡವನು ಎಂದ': ಇದು ಎಡಕ್ಕೆ. 'ಕಮಿಟಿಯಿಂದ ನನ್ನನ್ನು ಕಿತ್ತು ಹಾಕಬೇಕೆಂದೇ ಹಾಗೆ ಅಂದದ್ದು': ಇದು ಬಲಕ್ಕೆ. ಎರಡನೇ ಭೇಟಿಯಲ್ಲಿ ಹಾಳೆಯನ್ನು ಅವರ ಕೈಗೇ ಕೊಟ್ಟು ಓದಿಸುತ್ತೇವೆ. ಎಷ್ಟೋ ಸಲ ಬಲಗಡೆಯ ಒಂದೆರಡು ಸಾಲುಗಳನ್ನು ಅವರೇ ಹೊಡೆದು ಹಾಕುತ್ತಾರೆ.

ಬೇರೆ ವಿಷಯ ಹೊರಬರುವುದೂ ಈ ಎರಡನೇ ಭೇಟಿಯಲ್ಲೇ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ಮಾವ ಬಿಟ್ಟಿ ದುಡ್ಡು ಎನ್ನುತ್ತಾರೆ. ಅದೇ ದುಡ್ಡಲ್ಲಿ ಸೊಸೆ ಗ್ಯಾಸ್ ಸಿಲಿಂಡರ್ ಮತ್ತು ಹಾಲಿನ ಲೆಕ್ಕ ತೂಗಿಸುತ್ತಿರುತ್ತಾಳೆ. ಮೇಲ್ನೋಟಕ್ಕೆ ಅದು ಸರ್ಕಾರದ ಮೇಲಿನ ವಾದ, ಒಳಗೆ ಕೆಲಸ ಕಳೆದುಕೊಂಡ ಮಗನ ವಿಷಯ ಯಾರೂ ಎತ್ತದೆ ಉಳಿದಿರುತ್ತದೆ. ಸಾಲ, ಕುಡಿತ, ಮನೆಯಲ್ಲಿ ಹಾಸಿಗೆ ಹಿಡಿದವರು, ನಿದ್ದೆಗೆಟ್ಟ ರಾತ್ರಿಗಳು, ಇವೆಲ್ಲ ಪಕ್ಷದ ಭಾಷೆಯಲ್ಲಿ ಸಿಡಿಯುತ್ತವೆ. ಅಂಥದ್ದು ಕಂಡರೆ ಸಂಧಾನವನ್ನು ಪಕ್ಕಕ್ಕಿಟ್ಟು ಆ ಕಷ್ಟಕ್ಕೆ ಮೊದಲು ದಾರಿ ಹುಡುಕಬೇಕು. ಮನಸ್ಸಿಗೆ ಕತ್ತಲು ಕವಿದವರಿಗೆ 'ಪ್ರಾರ್ಥನೆ ಮಾಡಿ, ಸರಿಹೋಗುತ್ತದೆ' ಎಂದು ಹೇಳಿ ಎದ್ದು ಬರುವುದು ಕ್ರೂರತನ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಅವರ ಜತೆಯಲ್ಲೇ ಕೂತು ಕರೆ ಮಾಡಿಸುತ್ತೇವೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಯಾವ ವಿಷಯಕ್ಕೆ ಸಂಧಾನ ಮಾಡುವುದಿಲ್ಲ ಎಂಬುದೂ ಮೊದಲೇ ತೀರ್ಮಾನವಾಗಿರಬೇಕು. ಮನೆಯೊಳಗಿನ ಹೊಡೆತ ಬಡಿತ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ಜೀವ ಬೆದರಿಕೆ, ಇವು ರಾಜಿಗೆ ಕೂರಿಸುವ ಸಂಗತಿಗಳೇ ಅಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ದೂರು ಕೊಡದಿರುವುದೇ ಅಪರಾಧ. ತುರ್ತಿಗೆ 112, ಹೆಂಗಸರ ಸಹಾಯಕ್ಕೆ 181. 'ಸಭೆಯ ಮಾನ ಹೋಗುತ್ತದೆ' ಎಂದು ಯಾರಾದರೂ ಅಡ್ಡ ಬಂದರೆ ಅವರ ಮಾತಿಗೆ ನಾವು ಕಿವಿಗೊಡುವುದಿಲ್ಲ.

ಇಬ್ಬರೂ ಒಪ್ಪಿದ ಮೇಲೆ ಎದುರಾಎದುರು ಕೂಟ. ಭಾನುವಾರ ಆರಾಧನೆ ಮುಗಿದ ಕೂಡಲೇ ಬೇಡ. ಹಸಿವು, ಮಕ್ಕಳ ಗಲಾಟೆ, ಆವರಣದಲ್ಲಿ ನಿಂತು ನೋಡುವವರು, ಎಲ್ಲ ಸೇರಿ ಕೆಡುತ್ತದೆ. ವಾರದ ದಿನ ಸಂಜೆ ನಾಲ್ಕೂವರೆಯಿಂದ ಆರರವರೆಗೆ, ಇಬ್ಬರಿಗೂ ಸಂಬಂಧವಿಲ್ಲದ ಮನೆಯಲ್ಲಿ. ಕುರ್ಚಿಗಳನ್ನು ಮುಖಾಮುಖಿ ಹಾಕದೆ ಓರೆಯಾಗಿ ಹಾಕುತ್ತೇವೆ, ಇಬ್ಬರ ಕಣ್ಣಿಗೂ ಕಿಟಕಿ ಅಥವಾ ಸಂಧಾನಕಾರರು ಕಾಣುವಂತೆ. ಫೋನುಗಳೆಲ್ಲ ಸ್ವಿಚ್ ಆಫ್ ಆಗಿ ಇನ್ನೊಂದು ಕೋಣೆಗೆ. ಮಾತು ರೆಕಾರ್ಡ್ ಆಗುತ್ತಿದೆ ಎಂಬ ಅನುಮಾನ ಇರುವ ತನಕ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಶುರುವಿನ ಪ್ರಾರ್ಥನೆಯನ್ನು ಇಬ್ಬರಲ್ಲಿ ಯಾರಿಗೂ ಕೊಡುವುದಿಲ್ಲ. 'ಕರ್ತನೇ, ಅಹಂಕಾರಿಗಳ ಮನಸ್ಸನ್ನು ಮುರಿ' ಎಂದು ಕಣ್ಣು ಮುಚ್ಚಿ ಎದುರಿನವರಿಗೆ ಬೈಯುವುದು ನಮ್ಮ ಸಭೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಸತ್ಯವೇದದ ಒಂದು ಕೀರ್ತನೆಯನ್ನು ನಾವೇ ಓದಿ ಎರಡು ನಿಮಿಷ ಮೌನವಾಗಿರುತ್ತೇವೆ. 55ನೇ ಕೀರ್ತನೆ ಇದಕ್ಕೆ ಹೇಳಿ ಮಾಡಿಸಿದಂತಿದೆ: ನಿಂದಿಸಿದವನು ಶತ್ರುವಾಗಿದ್ದರೆ ತಾಳಿಕೊಳ್ಳಬಹುದಿತ್ತು, ಆದರೆ ಅವನು ಜತೆಯಾಗಿ ದೇವಾಲಯಕ್ಕೆ ನಡೆದು ಹೋಗುತ್ತಿದ್ದ ಗೆಳೆಯ ಎಂಬ ಅಳಲು ಅದರಲ್ಲಿದೆ. ಅದನ್ನು ಕೇಳುವಾಗ ಇಬ್ಬರಿಗೂ ಅದು ತಮ್ಮದೇ ಮಾತು ಅನಿಸುತ್ತದೆ.

ಒಬ್ಬೊಬ್ಬರಿಗೆ ಏಳು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಕೇಳಿಸಿಕೊಂಡವರು ತಮ್ಮ ಉತ್ತರ ಕೊಡುವ ಮುಂಚೆ ಎದುರಿನವರು ಹೇಳಿದ್ದನ್ನು ತಿರುಗಿ ಹೇಳಬೇಕು. 'ನಿಮ್ಮವರು', 'ಯಾವಾಗಲೂ ಹೀಗೇ' ಎಂಬ ಮಾತುಗಳು ಬಂದಾಗ ಕೈ ಎತ್ತಿ ನಿಲ್ಲಿಸುತ್ತೇವೆ. ಪಕ್ಷದ ನಾಯಕರ ಹೆಸರಿಗೂ ಅದೇ ನಿಯಮ, ಯಾಕೆಂದರೆ ಆ ನಾಯಕರು ಅಲ್ಲಿ ಕೂತಿರುವುದಿಲ್ಲ, ಅವರ ಪರವಾಗಿ ಯಾರೂ ಕ್ಷಮೆ ಕೇಳಲಾರರು.

ಕ್ಷಮೆಯ ಮಾತು ಹೆಚ್ಚಾಗಿ ಕೆಡುವುದು ಒಂದೇ ವಾಕ್ಯದಲ್ಲಿ: 'ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ.' ಅದನ್ನು ನಾವು ಒಪ್ಪುವುದಿಲ್ಲ. ಏನು ಅಂದೆ, ಎಲ್ಲಿ ಅಂದೆ, ಯಾರ ಎದುರು ಅಂದೆ, ಅದು ತಪ್ಪು, ಹೀಗೆ ಬಿಡಿಸಿ ಹೇಳಬೇಕು. ಮಾನ ಹೋದ ಜಾಗದಲ್ಲೇ ಅದನ್ನು ತಿರುಗಿ ಕೊಡಬೇಕು. ಮಾತು ವಾಟ್ಸಾಪ್ ಗುಂಪಿನಲ್ಲಿ ಬಂದಿದ್ದರೆ ಅದೇ ಗುಂಪಿನಲ್ಲಿ, ಮದುವೆ ಮನೆಯಲ್ಲಿ ಬಂದಿದ್ದರೆ ಕೇಳಿಸಿಕೊಂಡವರ ಬಳಿ. ಇನ್ನು ಕ್ಷಮಿಸಬೇಕಾದವರನ್ನು 'ಈಗಲೇ ಹೇಳಿಬಿಡಿ ಅಕ್ಕ' ಎಂದು ಅವಸರಪಡಿಸಬಾರದು. ಒತ್ತಾಯಕ್ಕೆ ಕೊಟ್ಟ ಕೈ ಮುಂದಿನ ಭಾನುವಾರದ ಹೊತ್ತಿಗೆ ಮತ್ತೆ ಹಿಂದೆ ಹೋಗುತ್ತದೆ. ಪ್ರಭುಭೋಜನಕ್ಕೆ ಒಂದು ದಿನ ಮುಂಚೆ ಇಂಥ ಕೂಟ ಇಟ್ಟುಕೊಳ್ಳದಿರುವುದೂ ಇದಕ್ಕೇ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗಿ ಸಹೋದರನ ಸಂಗಡ ಒಂದಾಗು ಎಂಬ ಮತ್ತಾಯ 5ರ ಮಾತನ್ನು ಗಡುವಿನಂತೆ ಬಳಸಿದರೆ ಬರುವುದು ನಟನೆ.

ಕೊನೆಗೆ ಅರ್ಧ ಪುಟದ ಬರಹ, ನಾಲ್ಕೈದು ಸಾಲು, ದಿನಾಂಕ. ಇಬ್ಬರಿಗೂ ಒಂದೊಂದು ಪ್ರತಿ. ಮೂರನೇ ಪ್ರತಿ ಸಭೆಯ ಕಚೇರಿಗೆ ಹೋಗುವುದಿಲ್ಲ, ಮುಂದಿನ ಕಮಿಟಿ ಚುನಾವಣೆಯಲ್ಲಿ ಅದೇ ಆಯುಧವಾಗಬಾರದು. ಆರು ವಾರದ ಮೇಲೆ ಮತ್ತೊಂದು ಭೇಟಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ, ಜಗಳ ಮತ್ತೆ ಚಿಗುರುವುದು ಸಾಮಾನ್ಯವಾಗಿ ಆ ನಡುವಿನ ದಿನಗಳಲ್ಲೇ.

ವಾಟ್ಸಾಪಿಗೆ ಬೇರೆಯೇ ಏರ್ಪಾಡು ಬೇಕು. ಸಾವು, ಆಸ್ಪತ್ರೆ, ಆರಾಧನೆಯ ಸಮಯ ತಿಳಿಸುವ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಸೆಟ್ಟಿಂಗ್ ಇರಲಿ. ಹರಟೆಗೆ ಬೇರೆ ಗುಂಪು. ಅಡ್ಮಿನ್ ಇಬ್ಬರಿರಬೇಕು, ಇಬ್ಬರ ಒಲವೂ ಬೇರೆಬೇರೆ ಪಕ್ಷದ್ದಾಗಿರಬೇಕು. ರಾಜಕೀಯದ ಫಾರ್ವರ್ಡ್ ಬಂದರೆ ಆ ಪಕ್ಷವನ್ನು ಮೆಚ್ಚುವ ಅಡ್ಮಿನ್ನೇ ಅದನ್ನು ಅಳಿಸಬೇಕು. ಈ ಒಂದು ಪದ್ಧತಿಯಿಂದ ಪಕ್ಷಪಾತದ ದೂರು ಬಹುಮಟ್ಟಿಗೆ ನಿಂತುಹೋಗುತ್ತದೆ.

ಎಲ್ಲ ಜಗಳಗಳೂ ಮಾತಿನವಲ್ಲ. ಕೆಲವು ಹಂಚಿಕೆಯವು, ಜಾತಿಯವು. ರಾಜ್ಯದ 2025ರ ಜಾತಿ ಸಮೀಕ್ಷೆಯಲ್ಲಿ ಕ್ರೈಸ್ತ ಎಂಬುದರ ಜತೆಗೆ ಜಾತಿಯ ಹೆಸರು ಸೇರಿಸಿದ ಪಟ್ಟಿ ಬಂದಾಗ, ಏನು ಬರೆಸಬೇಕು ಎಂಬ ವಾದ ಬೆಂಚುಗಳ ನಡುವೆಯೂ ಹರಿಯಿತು. ದಲಿತ ಕುಟುಂಬದವರು ತಮಗೆ ಕಮಿಟಿಯಲ್ಲಿ ಜಾಗವಿಲ್ಲ ಎಂದರೆ ಅವರಿಗೆ 'ಸಮಾಧಾನವಾಗಿರಿ' ಎಂದು ಬೋಧಿಸುವುದು ಅನ್ಯಾಯ. ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಅನ್ನದ ಹಂಚಿಕೆಯಲ್ಲಿ ಕಡೆಗಣಿಸಿದ ದೂರು ಬಂದಾಗ ಸಭೆ ಏಳು ಜನರನ್ನು ಆರಿಸಿತು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ದೂರು ಕೊಟ್ಟವರ ಕಡೆಗೇ ಹಂಚುವ ಸೌಟು ಹೋಯಿತು. ಇಂಥ ಜಗಳಕ್ಕೆ ಕೈ ಹಿಡಿಸುವ ಕೂಟ ಬೇಡ, ಕಮಿಟಿಯ ನಿರ್ಣಯ ಬೇಕು: ಇಷ್ಟು ಸ್ಥಾನ, ಇಂಥ ದಿನಾಂಕದೊಳಗೆ.

ಜಗಳ ನಿಲ್ಲಿಸುವುದು ಬೇರೆ, ಅದರ ಮೂಲ ಬಗೆಹರಿಸುವುದು ಬೇರೆ ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆ ಇದೆ. ನಾಗಾಲ್ಯಾಂಡಿನ ಬ್ಯಾಪ್ಟಿಸ್ಟ್ ಸಭೆಗಳ ಮುತುವರ್ಜಿಯಿಂದ 1964ರಲ್ಲಿ ಶಾಂತಿ ನಿಯೋಗ ರೂಪುಗೊಂಡಿತು. ಜಯಪ್ರಕಾಶ ನಾರಾಯಣ, ಅಸ್ಸಾಮಿನ ಮುಖ್ಯಮಂತ್ರಿ ಬಿ.ಪಿ. ಚಾಲಿಹಾ, ಪಾದ್ರಿ ಮೈಕೆಲ್ ಸ್ಕಾಟ್ ಅದರಲ್ಲಿದ್ದರು. ಒಬ್ಬೊಬ್ಬರನ್ನು ನಂಬುವವರು ಬೇರೆಬೇರೆ. ಅದೇ ವರ್ಷ ಸೆಪ್ಟೆಂಬರ್ 6ರಂದು ಭಾರತ ಸರ್ಕಾರ ಮತ್ತು ನಾಗಾ ಬಂಡುಕೋರರ ನಡುವೆ ಕದನವಿರಾಮ ಜಾರಿಗೆ ಬಂತು. ರಾಜಕೀಯ ಪ್ರಶ್ನೆ ಬಗೆಹರಿಯಲಿಲ್ಲ, ಆದರೆ ಹಳ್ಳಿಗಳಿಗೆ ಉಸಿರಾಡಲು ಬಿಡುವು ಸಿಕ್ಕಿತು. ಸಭೆಯ ಮಟ್ಟದಲ್ಲೂ ಮೊದಲ ತಿಂಗಳಲ್ಲಿ ನಾವು ಗುರಿಯಿಡುವುದು ಅಂಥ ಬಿಡುವಿಗೆ ಮಾತ್ರ.

ಈ ಕೆಲಸ ಮಾಡುವವರು ಒಳಗೊಳಗೇ ಸವೆಯುತ್ತಾರೆ. ಎರಡೂ ಕಡೆಯ ಕಹಿ ಬಂದು ಬೀಳುವುದು ಅವರ ಮೇಲೇ. ಆದ್ದರಿಂದ ಒಂದು ಹೊತ್ತಿಗೆ ಒಂದೇ ಪ್ರಕರಣ. ಭೇಟಿಯ ದಿನ ರಾತ್ರಿ ಸುದ್ದಿವಾಹಿನಿ ಹಾಕುವುದಿಲ್ಲ. ಕೇಳಿದ್ದನ್ನು ಹೆಸರಿಲ್ಲದೆ ಹೇಳಿಕೊಳ್ಳಲು ಬೇರೆ ಊರಿನ, ಬೇರೆ ಸಭೆಯ ಒಬ್ಬರು ಇರಬೇಕು, ಸ್ವಂತ ಹೆಂಡತಿಯೋ ಗಂಡನೋ ಆಗಬಾರದು, ಭಾನುವಾರ ಅವರೂ ಅದೇ ಜನರ ಮುಖ ನೋಡಬೇಕಲ್ಲ. ಸಿಟ್ಟು ಬಂದರೆ ಅದನ್ನು ದೇವರ ಮುಂದೆ ಸುರಿಯಬೇಕು. ಶಪಿಸುವ 109ನೇ ಕೀರ್ತನೆಯೂ ಸತ್ಯವೇದದಲ್ಲೇ ಇದೆ.

ಇಷ್ಟೆಲ್ಲ ಮಾಡಿಯೂ ಕೆಲವರು ಸೇರುವುದಿಲ್ಲ. 'ನಿಮ್ಮಿಂದಾದಷ್ಟು ಮಟ್ಟಿಗೆ' ಎಂಬ ಮಿತಿಯನ್ನು ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯವೇ ಇಟ್ಟಿದೆ. ಪೌಲ ಬಾರ್ನಬರೂ ಮಾರ್ಕನ ವಿಷಯದಲ್ಲಿ ತೀಕ್ಷ್ಣವಾಗಿ ವಾದಿಸಿ ಬೇರೆಯಾದರು, ಕಾಲ ಕಳೆದ ಮೇಲೆ ಅದೇ ಮಾರ್ಕನನ್ನು ಕರೆದುಕೊಂಡು ಬಾ ಎಂದು ಪೌಲನೇ ಬರೆದ. ಅಂಥ ಸಂದರ್ಭದಲ್ಲಿ ದೂರ ಇರುವುದನ್ನೇ ಕ್ರಮಬದ್ಧ ಮಾಡುತ್ತೇವೆ. ಒಬ್ಬರು ಬೆಳಗಿನ ಆರಾಧನೆ, ಇನ್ನೊಬ್ಬರು ಸಂಜೆಯದು. ಒಬ್ಬರು ಹಣಕಾಸು ಕಮಿಟಿ, ಇನ್ನೊಬ್ಬರು ಭಾನುವಾರದ ಶಾಲೆ. ಮೂರು ಸಂದರ್ಭಗಳಿಗೆ ಮಾತ್ರ ವಿನಾಯಿತಿ ಬರೆಸಿಕೊಳ್ಳುತ್ತೇವೆ: ಸಾವು, ಆಸ್ಪತ್ರೆ, ಮಕ್ಕಳ ಮದುವೆ. ಆ ಮೂರಕ್ಕೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಬೇಕು, ಮಾತು ಬೇಡ ಅನಿಸಿದರೆ ಸುಮ್ಮನೆ ಕೂತು ಬಂದರೂ ಸರಿ. ವರ್ಷಕ್ಕೊಮ್ಮೆ, ಈಸ್ಟರ್‌ಗೆ ಮುಂಚಿನ ಉಪವಾಸ ಕಾಲವಾದ ಲೆಂಟ್ ಶುರುವಾಗುವ ವಾರ, ಇಬ್ಬರ ಮನೆಗೂ ಹೋಗಿ ಕೂರಲು ಈಗ ಮನಸ್ಸಿದೆಯೇ ಎಂದು ಕೇಳುತ್ತೇವೆ. ಇದೆ ಎಂದರೆ ಹಳೆಯ ಹಾಳೆ ತೆಗೆಯದೆ ಹೊಸ ಹಾಳೆಗೆ ಗೆರೆ ಎಳೆದು, ಅದೇ ಮೂರು ಪ್ರಶ್ನೆಗಳಿಂದ ಮತ್ತೆ ಶುರು ಮಾಡುತ್ತೇವೆ.