ಆಯಾಗಳ ಕೈಗೆ ಎಐಎಂಎಸ್ ಫಾರ್ಮು: ನನ್ನ ಅನುಭವ

ಎಸ್ಸೆಸ್ಸೆಲ್ಸಿ ಮುಗಿಸದ ಆಯಾಗಳು ಎಐಎಂಎಸ್ (ಮನೋರೋಗದ ಗುಳಿಗೆಯಿಂದ ಬಾಯಿ, ಕೈಕಾಲು ತಾನಾಗಿ ಆಡುವುದನ್ನು ಅಂಕ ಹಾಕಿ ಅಳೆಯುವ ಫಾರ್ಮು) ಹಾಕ್ತಾರಾ ಅಂತ ಹುಬ್ಬಳ್ಳಿಯಲ್ಲಿ ನನ್ನನ್ನು ಕೇಳದ ನರ್ಸ್ ಇಲ್ಲ. ಹಾಕ್ತಿದ್ದಾರೆ. ಮನೋರೋಗಿಗಳ ನಮ್ಮ ಪುನರ್ವಸತಿ ಮನೆಯಲ್ಲಿ ಹೆಚ್ಚುಕಡಿಮೆ ಎರಡು ವರ್ಷದಿಂದ, ಮೂರು ತಿಂಗಳಿಗೊಮ್ಮೆ. ಡಾಕ್ಟರು ಬಂದವರೇ ಮೊದಲು ಆ ಹಾಳೆ ಕೇಳುತ್ತಾರೆ.

ಮೊದಲು ದುಡ್ಡು ಹೋದ ಕತೆ. ಹೊರಗಿನಿಂದ ಟ್ರೇನರ್ ಕರೆಸಿದೆವು. ಪ್ರೊಜೆಕ್ಟರ್, ಊಟ, ಗಿರಮಿಟ್ಟು, ಮಿರ್ಚಿ ಎಲ್ಲ ಸೇರಿ ಹನ್ನೆರಡು ಸಾವಿರದ ಹತ್ತಿರ. ಡೋಪಮೈನ್ ಅನ್ನುವ ಮಿದುಳಿನ ರಾಸಾಯನಿಕದ ಬಗ್ಗೆಯೇ ಎರಡು ತಾಸು ಮಾತಾಡಿದರು. ಕನ್ನಡ ಫಾರ್ಮು ಅಚ್ಚು ಹಾಕಿಸಿದ್ದು ಬೇರೆ ಖರ್ಚು. ತಿಂಗಳ ಕೊನೆಗೆ ನೋಡಿದರೆ ಏಳೂ ಸಾಲಿಗೆ ಸೊನ್ನೆ, ಅಂದರೆ ಏನೂ ತೊಂದರೆ ಇಲ್ಲ. ಎಲ್ಲರಿಗೂ ಸೊನ್ನೆ, ಒಂದೇ ಪೆನ್ನು. ವರ್ಷಗಟ್ಟಲೆ ಮನೋರೋಗದ ಗುಳಿಗೆ ಹ್ಯಾಲೊಪೆರಿಡಾಲ್ ನುಂಗಿ, ದಿನವಿಡೀ ನಾಲಿಗೆ ಹೊರಗೆ-ಒಳಗೆ ಆಡಿಸುವ ಅಜ್ಜನಿಗೂ ಸೊನ್ನೆ! ಯಾಕವ್ವಾ ಅಂದರೆ, "ಅಜ್ಜಾರು ಮೊದಲಿನಿಂದ ಹಂಗss ಅದಾರ್ರೀ."

ಅಲ್ಲೇ ಇತ್ತು ಗಂಟು. ಕಾಣುತ್ತಿರಲಿಲ್ಲ ಅಂತಲ್ಲ, ದಿನಾ ನೋಡಿ ನೋಡಿ ರೂಢಿಯಾಗಿತ್ತು.

ಫಾರ್ಮು ಕಪಾಟಿಗೆ ಹಾಕಿ ಚಹಾದಿಂದ ಶುರು ಮಾಡಿದೆ. ದುರ್ಗದಬೈಲಿನಲ್ಲಿ ಎಂಟುನೂರು ರೂಪಾಯಿಗೆ ಕಪ್ಪು-ಬಶಿ ತಂದೆ. ಸ್ಟೀಲ್ ಲೋಟ ಬಂದ್. ಕೈ ನಡುಗಿದರೆ ಬಶಿ ಕಟಕಟ ಅನ್ನುತ್ತದೆ, ಅಡುಗೆಮನೆಯವರೆಗೂ ಕೇಳುತ್ತದೆ. ಒಂದಷ್ಟು ಒಡೆದವು, ಇರಲಿ. ಹೀಗೆ ಕಣ್ಣು-ಕಿವಿ ಪಳಗಿದ ಮೇಲೆ ಮೂರು ಗುಂಪು ಹೇಳಿಕೊಟ್ಟೆ: ಮೈ ಸೆಟೆದವರು, ಬಾಯಿ ಆಡಿಸುವವರು, ಕೂರಲಾರದವರು. ಇದು ಸುಮ್ನೆ ಅಲ್ಲ. ಎಲ್ಲರಿಗೂ ಪ್ಯಾಸಿಟೇನ್ ಗುಳಿಗೆ ಕೊಟ್ಟುಬಿಡಿ ಅನ್ನುವವರಿದ್ದಾರೆ. ಸೆಟೆತಕ್ಕೆ ಅದು ಸರಿ, ಬಾಯಿ ಆಡುವುದು ಮಾತ್ರ ಅದರಿಂದ ಜಾಸ್ತಿ ಆಗಬಹುದು. ಗುಳಿಗೆ ಬದಲಿಸುವುದು ಡಾಕ್ಟರ ಕೆಲಸ, ಯಾವ ಗುಂಪು ಅಂತ ಹೇಳುವುದು ನಮ್ಮದು.

ಹೆಚ್ಚು ಲಾಭ ಆಗಿದ್ದು ಮೂರನೇ ಗುಂಪಿನಲ್ಲಿ. ಒಬ್ಬ ಹುಡುಗ ರಾತ್ರಿಯೆಲ್ಲಾ ಪಡಸಾಲೆಯಲ್ಲಿ ತಿರುಗುತ್ತಿದ್ದ. ರಿಜಿಸ್ಟರಿನಲ್ಲಿ "ಗಲಾಟೆ" ಅಂತ ಬರೆಯುತ್ತಿದ್ದರು, ಅದನ್ನು ನೋಡಿ ಡೋಸ್ ಏರುತ್ತಿತ್ತು, ತಿರುಗಾಟವೂ ಏರುತ್ತಿತ್ತು. ರಾತ್ರಿ ಪಾಳಿಯ ಆಯಾ ಒಂದು ದಿನ ಕೇಳಿದಳು, ಕಾಲಿನಾಗ ಏನಾಗ್ತದಪ್ಪಾ ಅಂತ. "ಒಳಗ ಕುದ್ದಂಗ ಆಗ್ತದ, ಕೂತ್ರ ತಡಿಯಾಂಗಿಲ್ಲ" ಅಂದ. ಆ ಮಾತನ್ನು ಹಾಗೇ ಬರೆದಳು. ಡಾಕ್ಟರು ಡೋಸ್ ಇಳಿಸಿದರು, ವಾರ-ಹತ್ತು ದಿನದಲ್ಲಿ ಹುಡುಗ ಮಲಗತೊಡಗಿದ. ಎಂಬಿಬಿಎಸ್ ಓದಿದವರು ಕೇಳದ ಪ್ರಶ್ನೆ ನಮ್ಮ ಆಯಾ ಕೇಳಿದ್ದಳು. ಸ್ವಲ್ಪ ಜಂಭ ಪಟ್ಟರೆ ತಪ್ಪಿಲ್ಲ ಅಲ್ವಾ?

ಫಾರ್ಮು ಹೊರಗೆ ಬಂದದ್ದು ಆಮೇಲೆ. ನಮ್ಮ ಕಡೆ ದೊಡ್ಡ ತೊಡಕು ಎಲೆ-ಅಡಿಕೆ, ತಂಬಾಕು. ಬಾಯಿ ಮುಕ್ಕಳಿಸಿಸದೆ ನೋಡಿದರೆ ಅರ್ಧ ಊರಿಗೇ ಟಾರ್ಡಿವ್ (ಗುಳಿಗೆಯಿಂದ ಬಾಯಿ ಆಡುವ ತೊಂದರೆ)! ಹಲ್ಲಿನ ಸೆಟ್ಟು ಸಡಿಲ ಇದೆಯಾ ಅಂತಲೂ ನೋಡಬೇಕು. ಹೆಬ್ಬೆರಳಿಗೆ ಬೆರಳು ತಟ್ಟಿಸುವಾಗ ಎಲ್ಲರ ಕಣ್ಣೂ ತಟ್ಟುವ ಕೈ ಮೇಲೆ. ನೋಡಬೇಕಾದ್ದು ಮುಖ, ಕಾಲು. ಅದಕ್ಕೆ ಇಬ್ಬರನ್ನು ಕೂರಿಸಿದೆ: ಒಬ್ಬಳು ಹೇಳಿ ಮಾಡಿಸುತ್ತಾಳೆ, ಇನ್ನೊಬ್ಬಳು ಮುಖ, ಕಾಲು ಬಿಟ್ಟು ಕಣ್ಣು ಕದಲಿಸುವಂತಿಲ್ಲ. ನಾಲ್ಕಕ್ಕೆ ಮೈಯ ಎರಡು ಕಡೆ 2 ಬಂದರೆ, ಇಲ್ಲವೇ ಒಂದೇ ಕಡೆ 3 ಬಂದರೆ, ಅವತ್ತೇ ಡಾಕ್ಟರಿಗೆ ಫೋನ್.

ನಡುವೆ ಒಂದೆರಡು ಹುಚ್ಚು ಪ್ರಯೋಗ. ಹೆಜ್ಜೆ ಎಣಿಸಲು ಜೇಬಿನಲ್ಲಿ ಹಳೇ ಮೊಬೈಲ್ ಇಟ್ಟೆ. ಎರಡು ಕಳೆದುಹೋದವು, ಕೈಬಿಟ್ಟೆ. ಗುಳಿಗೆ ಪುಸ್ತಕದಲ್ಲಿ ದಿನಾ ಸಹಿ ಹಾಕಿಸಿದ್ದು ಮಾತ್ರ ಫಲ ಕೊಟ್ಟಿತು. ಸೆಟೆತ ಬಂದವರ ಅಕ್ಷರ ವಾರದಿಂದ ವಾರಕ್ಕೆ ಸಣ್ಣದಾಗುವುದು ಪುಟ ತಿರುವಿದರೆ ಕಾಣುತ್ತದೆ. ಹೆಬ್ಬೆಟ್ಟಿನವರಿಗೆ ಉಪಯೋಗವಿಲ್ಲ.

ಸುಳ್ಳು ಸೊನ್ನೆ ಹಿಡಿಯಲು ನನ್ನದೊಂದು ಉಪಾಯ ಇದೆ. ನಮ್ಮ ಹುಡುಗಿಯರೂ ಇದನ್ನು ಓದುತ್ತಾರೆ, ಹಾಗಾಗಿ ಇಲ್ಲಿ ಬರೆಯಲ್ಲ.

ಈಗಿನ ಖರ್ಚು ಜೆರಾಕ್ಸು, ಚಹಾಪುಡಿ, ಇಬ್ಬರಿಗೆ ಒಂದು ತಾಸಿನ ಹೆಚ್ಚುವರಿ ಕೂಲಿ. ತಿಂಗಳಿಗೆ ಐದುನೂರು ದಾಟಲ್ಲ. ಗದಗಿನ ಗೆಳತಿಯೊಬ್ಬಳು ಫಾರ್ಮು ಕೇಳಿದ್ದಾಳೆ, ಕಳಿಸುತ್ತೇನೆ. ಬಶಿ ಅವಳೇ ಕೊಳ್ಳಬೇಕು.